ಹೆಡರ್ ಹಾಕಲು ಅರ್ಧ ಗಂಟೆ, ಸುತ್ತಲಿನದ್ದು ಬಿಚ್ಚಲು ಎರಡು ದಿನ: ಸಿಟಿ ವಿಟೆಕ್ 1.5

ವಿಟೆಕ್_1493:

ಎಲ್ಲರಿಗೂ ನಮಸ್ಕಾರ. ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. 1493 ಸಿಸಿ, 106 ಕುದುರೆಶಕ್ತಿ. ಅಪ್ಪ ಹೊಸದಾಗಿ ತಗೊಂಡ ಕಾರು, ಈಗ ನನ್ನ ಹತ್ತಿರ ಇದೆ. ಎರಡು ವಾರದ ಹಿಂದೆ ಇದಕ್ಕೆ 4-2-1 ಸ್ಟೀಲ್ ಹೆಡರ್ (ಇಂಜಿನ್‌ನ ಹೊಗೆ ಹೊರಗೆ ಒಯ್ಯುವ ಕೊಳವೆಗಳು, ನಾಲ್ಕು ಸೇರಿ ಎರಡು, ಎರಡು ಸೇರಿ ಒಂದು) ಹಾಕಿದೆ, ಮನೆಯ ಮುಂದೆಯೇ, ನಾನು ಮತ್ತು ನನ್ನ ತಮ್ಮ ಸೇರಿ. ಹೆಡರ್ ಮಾರಿದವರು "ಎರಡು ಗಂಟೆ ಕೆಲಸ" ಅಂದಿದ್ದರು. ಶನಿವಾರ ಬೆಳಗ್ಗೆ ಶುರು ಮಾಡಿದೆವು, ಮುಗಿದಾಗ ಭಾನುವಾರ ರಾತ್ರಿ ಹತ್ತೂವರೆ.

ಇದನ್ನು ಬರೆಯಲು ಕಾರಣ ಇದೆ. ಹೆಡರ್ ಹಾಕುವ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದನ್ನು ಹಾಕಲು ಏನೇನು ತೆಗೆಯಬೇಕು ಅನ್ನುವುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ನನಗಂತೂ ಪೂರ್ತಿ ಕೆಲಸವೇ ಅದು ಅನ್ನಿಸಿತು. ಹಳೇ ಮ್ಯಾನಿಫೋಲ್ಡ್ (ಹೆಡರ್ ಜಾಗದಲ್ಲಿ ಕಂಪನಿಯಿಂದ ಬಂದ ಭಾಗ) ಹೊರಗೆ ಬಂದ ಮೇಲೆ ಹೊಸದು ಕೂತಿದ್ದು ಅರ್ಧ ಗಂಟೆಯಲ್ಲಿ.

ಈ ಕಾರಿನ ಡಿ ಸೀರೀಸ್ ಇಂಜಿನ್‌ನಲ್ಲಿ ಎಕ್ಸಾಸ್ಟ್ (ಹೊಗೆ ಹೊರಗೆ ಹೋಗುವ ಕಡೆ) ಇರುವುದು ಮುಂದೆ, ರೇಡಿಯೇಟರ್ ಕಡೆ. ಇನ್‌ಟೇಕ್ (ಗಾಳಿ ಒಳಗೆ ಬರುವ ಕಡೆ) ಹಿಂದೆ, ಫೈರ್‌ವಾಲ್ (ಇಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡು) ಕಡೆ. ಬಾನೆಟ್ ಎತ್ತಿದರೆ ಮ್ಯಾನಿಫೋಲ್ಡ್ ಮೇಲಿನ ಹೀಟ್ ಶೀಲ್ಡ್ ಕಣ್ಣ ಮುಂದೆಯೇ ಇರುತ್ತದೆ. ಅದನ್ನು ನೋಡಿಯೇ ನಾನು ಮೋಸ ಹೋದೆ. ಕಾಣಿಸುತ್ತದೆ ಅಂದ ಮಾತ್ರಕ್ಕೆ ಕೈ ಹೋಗುತ್ತದೆ ಅಂತ ಅಲ್ಲ. ಮ್ಯಾನಿಫೋಲ್ಡ್‌ಗೂ ರೇಡಿಯೇಟರ್‌ಗೂ ನಡುವೆ ಫ್ಯಾನ್‌ಗಳು ಕೂತಿವೆ, ರೇಡಿಯೇಟರ್‌ದೊಂದು, ಎಸಿ ಕಂಡೆನ್ಸರ್‌ದೊಂದು. ಫ್ಯಾನ್ ತೆಗೆಯದೆ ಮಾಡಿಬಿಡೋಣ ಅಂತ ಹೊರಟೆ. ಕೆಳಗಿನ ಸಾಲಿನ ನಟ್‌ಗೆ ರಾಚೆಟ್ ಹಾಕಿದರೆ ತಿರುಗುವುದು ಒಂದೊಂದೇ ಹಲ್ಲು. ಒಂದು ಸಲ ಜಾರಿ ರಾಚೆಟ್‌ನ ತಲೆ ಸೀದಾ ರೇಡಿಯೇಟರ್‌ಗೆ ಹೊಡೆಯಿತು. ಫಿನ್‌ಗಳು ಒಂದು ಬೆರಳಗಲ ಬಾಗಿದವು. ಸದ್ಯ, ಟ್ಯೂಬ್ ಉಳಿಯಿತು. ಕೈಯ ಗೆಣ್ಣೂ ಸುಲಿದುಹೋಯಿತು.

ಆಮೇಲೆ ಬುದ್ಧಿ ಬಂತು. ಬ್ಯಾಟರಿಯ ನೆಗೆಟಿವ್ ತೆಗೆದೆವು. ಫ್ಯಾನ್‌ಗಳ ಪ್ಲಗ್ ಬಿಚ್ಚಿ, 10ರ (ಮಿಲಿಮೀಟರ್ ಅಳತೆ) ಬೋಲ್ಟುಗಳನ್ನು ತೆಗೆದು, ಎರಡೂ ಫ್ಯಾನನ್ನು ಮೇಲಕ್ಕೆ ಎಳೆದುಕೊಂಡೆವು. ಇಪ್ಪತ್ತು ನಿಮಿಷವೂ ಆಗಲಿಲ್ಲ. ಇಡೀ ಮುಂಗೈ ಒಳಗೆ ಹೋಗುವಷ್ಟು ಜಾಗ ಆಯಿತು. ರೇಡಿಯೇಟರ್‌ಗೆ ಅಡ್ಡವಾಗಿ ಒಂದು ದಪ್ಪ ರಟ್ಟು ಇಟ್ಟೆವು. ಅಲ್ಲಿಂದ ಮುಂದೆ ಕೆಲಸದ ರೀತಿಯೇ ಬದಲಾಯಿತು.

ಕೆಳಗಿನಿಂದ ಸ್ಪ್ಲಾಶ್ ಶೀಲ್ಡ್ (ಕೆಸರು ಸಿಡಿಯದಂತೆ ತಡೆಯುವ ಮುಚ್ಚಳ) ತೆಗೆಯಬೇಕು. ಅದರ ಪ್ಲಾಸ್ಟಿಕ್ ಕ್ಲಿಪ್‌ಗಳಿಗೆ ಇಪ್ಪತ್ತು ವರ್ಷ ವಯಸ್ಸು, ಮುಟ್ಟಿದರೆ ಪುಡಿ. ಹತ್ತು ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ, ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಸಿಗುತ್ತವೆ. ಆಮೇಲೆ ಆಕ್ಸಿಜನ್ ಸೆನ್ಸರ್, ಅದಕ್ಕೆ 22ರ ಸ್ಪ್ಯಾನರ್. ವೈರ್ ಹೋಗಲು ಸೀಳು ಇರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ನಂತರ ಹೀಟ್ ಶೀಲ್ಡ್. ಡಿಪ್‌ಸ್ಟಿಕ್ ಕೊಳವೆಯೂ ಅಲ್ಲೇ ಮುಂದೆ, ಮ್ಯಾನಿಫೋಲ್ಡ್ ಪಕ್ಕದಲ್ಲೇ ಮೇಲೆ ಬರುತ್ತದೆ. ಅದರ ಬ್ರಾಕೆಟ್ ಬಿಚ್ಚಿ ಪಕ್ಕಕ್ಕೆ ಸರಿಸಿಕೊಳ್ಳಿ, ಆದರೆ ಬಗ್ಗಿಸಬೇಡಿ. ಕೊನೆಗೆ ಕೆಳಗಿನ ಡೌನ್‌ಪೈಪ್‌ನ (ಮ್ಯಾನಿಫೋಲ್ಡ್‌ನಿಂದ ಕೆಳಗಿಳಿಯುವ ಕೊಳವೆ) ನಟ್‌ಗಳು, 14ರವು. ಇವು ನೀರು, ಕೆಸರು, ಬಿಸಿ ಎಲ್ಲ ತಿಂದಿರುತ್ತವೆ. ನಮಗೆ ಅರ್ಧ ದಿನ ಹೋಗಿದ್ದು ಇಲ್ಲೇ.

ಒಂದು ಸ್ಟಡ್ (ನಟ್ ಕೂರುವ, ತಲೆಯಿಲ್ಲದ ಬೋಲ್ಟ್) ಮುರಿಯಿತು. ಅದನ್ನು ಬೇರೆ ಪೋಸ್ಟ್‌ನಲ್ಲಿ ಬರೆಯುತ್ತೇನೆ. ಇದೇ ಕಾರಿಗೆ ಕೆಲಸ ಮಾಡಿದವರು ಇದ್ದರೆ ನಿಮ್ಮ ಅನುಭವ ದಯವಿಟ್ಟು ಹೇಳಿ.

ಹಳೇ_ಸ್ಪ್ಯಾನರ್:

ಚೆನ್ನಾಗಿ ಬರೆದಿದ್ದೀರಿ. ನಾನು ಇಪ್ಪತ್ತೈದು ವರ್ಷ ಗ್ಯಾರೇಜ್‌ನಲ್ಲಿ ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ಹೊಸ ಹುಡುಗರಿಗೆ ನಾನು ಮೊದಲು ಹೇಳುತ್ತಿದ್ದ ಮಾತು, ಅಡ್ಡ ಇರುವುದನ್ನು ತೆಗೆಯಲು ಸೋಮಾರಿತನ ಮಾಡಬೇಡಿ. ಹತ್ತು ನಿಮಿಷ ಉಳಿಸಲು ಹೋಗಿ ಸ್ಪ್ಯಾನರನ್ನು ಓರೆಯಾಗಿ ಹಿಡಿಯುತ್ತಾರೆ. ಓರೆ ಹಿಡಿದರೆ ನಟ್‌ನ ಮೂಲೆ ಸವೆಯುತ್ತದೆ. ಮೂಲೆ ಸವೆದ ನಟ್ ಅರ್ಧ ದಿನ ತಿನ್ನುತ್ತದೆ.

ಸ್ಟಡ್ ಬಗ್ಗೆ ಒಂದು ಮಾತು. ಪೆನಿಟ್ರೇಟಿಂಗ್ ಆಯಿಲನ್ನು (ತುಕ್ಕು ಹಿಡಿದ ನಟ್ ಸಡಿಲಿಸುವ ಎಣ್ಣೆ) ಕೆಲಸದ ದಿನ ಹಾಕಿ ಪ್ರಯೋಜನ ಇಲ್ಲ. ಮೂರು ದಿನ ಮೊದಲಿನಿಂದ ದಿನಾ ಸಂಜೆ ಹಾಕಬೇಕು. ಇಂಜಿನ್ ಉಗುರುಬೆಚ್ಚಗಿದ್ದಾಗ ಹಾಕಿದರೆ ಒಳಗೆ ಇಳಿಯುತ್ತದೆ. ಕಾದಿರುವ ಮ್ಯಾನಿಫೋಲ್ಡ್ ಮೇಲೆ ಮಾತ್ರ ಯಾವತ್ತೂ ಸ್ಪ್ರೇ ಮಾಡಬೇಡಿ, ಬೆಂಕಿ ಹತ್ತುತ್ತದೆ. ನಟ್ ಬಿಚ್ಚುವಾಗ ಇಂಜಿನ್ ಪೂರ್ತಿ ತಣ್ಣಗಿರಬೇಕು, ಯಾಕೆಂದರೆ ಸಿಲಿಂಡರ್ ಹೆಡ್ (ಇಂಜಿನ್‌ನ ಮೇಲ್ಭಾಗ) ಅಲ್ಯೂಮಿನಿಯಂ. ಬಿಸಿ ಇರುವಾಗ ಸ್ಟಡ್ ತಿರುಗಿಸಿದರೆ ಹೆಡ್‌ನ ಮರೆ (ಥ್ರೆಡ್) ಕಿತ್ತುಕೊಂಡು ಬರುತ್ತದೆ. ಆಮೇಲೆ ಹೆಲಿಕಾಯಿಲ್ (ಹೋದ ಮರೆಯ ಜಾಗಕ್ಕೆ ಹಾಕುವ ತಂತಿ ಸುರುಳಿ) ಹಾಕಿಸಿಕೊಂಡು ಕೂರಬೇಕು.

ನಟ್ ಜಪ್ಪಯ್ಯ ಅಂದರೂ ಅಲ್ಲಾಡದಿದ್ದರೆ ಮೊದಲು ಸ್ವಲ್ಪ ಬಿಗಿ ಮಾಡುವ ಕಡೆ ತಿರುಗಿಸಿ. ಟಕ್ ಅಂತ ಸದ್ದು ಬರುತ್ತದೆ. ಆಗ ಬಿಚ್ಚಿ. ಕಾಲು ಸುತ್ತು ಬಿಚ್ಚಿ, ಅರೆ ಕಾಲು ವಾಪಸ್ಸು, ಮತ್ತೆ ಕಾಲು ಸುತ್ತು. ತುಕ್ಕಿನ ಪುಡಿ ಹಾಗೆ ಹೊರಗೆ ಬರುತ್ತದೆ. ಡೌನ್‌ಪೈಪ್ ನಟ್‌ಗೆ ನಾವು ಟಾರ್ಚ್‌ನಲ್ಲಿ ಬಿಸಿ ಕೊಟ್ಟು ಮೇಣದಬತ್ತಿ ಮುಟ್ಟಿಸುತ್ತಿದ್ದೆವು. ಮೇಣ ಕರಗಿ ಮರೆಯೊಳಗೆ ಇಳಿದುಬಿಡುತ್ತದೆ. ಆದರೆ ಹತ್ತಿರದಲ್ಲಿ ಆಯಿಲ್ ಸ್ಪ್ರೇ ಮಾಡಿದ್ದರೆ ಟಾರ್ಚ್ ತರಲೇಬೇಡಿ. ಬೇರೆ ದಿನ ಮಾಡಿ.

ಹಾಸನದ_ಹೊಸಬ:

ಅಣ್ಣಾ, ಒಂದು ಸಂದೇಹ. ಇಷ್ಟೆಲ್ಲ ಬಿಚ್ಚಿದ ಮೇಲೆ ಯಾವ ಬೋಲ್ಟ್ ಎಲ್ಲಿಯದು ಅಂತ ನೆನಪಿಟ್ಟುಕೊಳ್ಳುವುದು ಹೇಗೆ? ನಾನು ಒಂದು ಸಲ ಏರ್ ಬಾಕ್ಸ್ ತೆಗೆದು ಹಾಕಿದಾಗ ಎರಡು ಬೋಲ್ಟ್ ಉಳಿದುಬಿಟ್ಟವು. ಇವತ್ತಿಗೂ ಎಲ್ಲಿಯವು ಅಂತ ಗೊತ್ತಾಗಿಲ್ಲ.

ವಿಟೆಕ್_1493:

ಇಡ್ಲಿ ತಟ್ಟೆ! ನಿಜವಾಗಿ ಹೇಳುತ್ತಿದ್ದೇನೆ. ಅಮ್ಮನ ಹತ್ತಿರ ಹಳೇ ಇಡ್ಲಿ ಸ್ಟ್ಯಾಂಡ್ ಇತ್ತು, ನಾಲ್ಕು ತಟ್ಟೆಯದು. ಒಂದೊಂದು ಕುಳಿಗೆ ಒಂದೊಂದು ಭಾಗದ ಬೋಲ್ಟು. ಮೇಲಿನ ತಟ್ಟೆ ಫ್ಯಾನ್‌ದು, ಎರಡನೆಯದು ಹೀಟ್ ಶೀಲ್ಡ್‌ದು, ಹೀಗೆ ಬಿಚ್ಚಿದ ಕ್ರಮದಲ್ಲೇ ಇಟ್ಟೆವು. ವಾಪಸ್ ಹಾಕುವಾಗ ಕೆಳಗಿನ ತಟ್ಟೆಯಿಂದ ಮೇಲಕ್ಕೆ ಬಂದರೆ ಆಯಿತು. ಉದ್ದ ಬೇರೆ ಬೇರೆ ಇರುವ ಬೋಲ್ಟುಗಳಿಗೆ ರಟ್ಟಿನ ಮೇಲೆ ಆ ಭಾಗದ ಚಿತ್ರ ಬರೆದು, ಅದರಲ್ಲೇ ತೂತು ಮಾಡಿ ಸಿಕ್ಕಿಸಿದೆವು. ಪ್ರತಿ ಪ್ಲಗ್ ಬಿಚ್ಚುವ ಮುಂಚೆ ಫೋನ್‌ನಲ್ಲಿ ಫೋಟೋ, ಎರಡು ಕೋನದಿಂದ. ಜೊತೆಗೆ ಬಿಚ್ಚಿದ ಪ್ಲಗ್‌ಗೆಲ್ಲ ಬಣ್ಣದ ಟೇಪ್ ಸುತ್ತಿ. ಕೊನೆಯಲ್ಲಿ ಟೇಪ್ ಕಾಣಿಸಿದರೆ ಅದು ಇನ್ನೂ ಸಿಕ್ಕಿಸಿಲ್ಲ ಅಂತ ಅರ್ಥ.

ಟೇಪಿನ ವಿಷಯ ನಾನು ಕಲಿತಿದ್ದು ಕೆಟ್ಟ ರೀತಿಯಲ್ಲಿ. ಎಲ್ಲ ಮುಗಿಸಿ ಸೋಮವಾರ ಆಫೀಸಿಗೆ ಹೊರಟೆ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರತೊಡಗಿತು. ಅರ್ಧ ದಾಟಿತು, ಮುಕ್ಕಾಲಿಗೆ ಬಂತು. ಎದೆ ಧಸಕ್ ಅಂದಿತು. ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಡಕ್ಕೆ ತಂದು ನಿಲ್ಲಿಸಿದೆ. ಬಾನೆಟ್ ಎತ್ತಿದರೆ ರೇಡಿಯೇಟರ್ ಫ್ಯಾನ್‌ನ ಪ್ಲಗ್ ಹಾಗೇ ನೇತಾಡುತ್ತಿದೆ. ನಾನೇ ಸಿಕ್ಕಿಸಿರಲಿಲ್ಲ. ಗಾಡಿ ಓಡುತ್ತಿರುವಾಗ ಗಾಳಿ ಸಾಕಾಗುತ್ತದೆ, ಆದ್ದರಿಂದ ಮನೆ ಹತ್ತಿರದ ಟೆಸ್ಟ್ ಡ್ರೈವ್‌ನಲ್ಲಿ ಗೊತ್ತೇ ಆಗಲಿಲ್ಲ. ಇನ್ನೈದು ನಿಮಿಷ ಗಮನಿಸದೆ ಇದ್ದಿದ್ದರೆ ಹೆಡ್ ಬಾಗುತ್ತಿತ್ತೇನೋ. ಇಂಥ ಕೆಲಸ ಆದ ಮೇಲೆ ದಯವಿಟ್ಟು ನಿಂತಲ್ಲೇ ಇಂಜಿನ್ ಓಡಿಸಿ, ಫ್ಯಾನ್ ತಾನಾಗಿ ಎರಡು ಸಲ ಹತ್ತಿ ಆರುವವರೆಗೂ ಕಾಯಿರಿ. ಅದಾದ ಮೇಲೆಯೇ ರಸ್ತೆಗೆ ಇಳಿಸಿ.

ಕಡಲತೀರದ_ಕಾರು:

ಮಂಗಳೂರಿನಿಂದ. ನೀವು ಬೆಂಗಳೂರಿನವರು ಪುಣ್ಯವಂತರು, ನಿಮ್ಮ ನಟ್‌ಗಳಿಗೆ ಬರೀ ಮಳೆ. ಇಲ್ಲಿ ಉಪ್ಪಿನ ಗಾಳಿ. ನನ್ನದೂ ಇದೇ ಕಾರು, 1.5 ಇಎಕ್ಸ್‌ಐ. ಹೀಟ್ ಶೀಲ್ಡ್‌ನ ಬೋಲ್ಟುಗಳು ಕರಗಿ ಕಡಲೆಬೀಜದ ಹಾಗೆ ದುಂಡಗಾಗಿದ್ದವು. 10ರ ಸಾಕೆಟ್ ಜಾರುತ್ತಿತ್ತು, 9ರದ್ದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಬಿಚ್ಚಿದೆ. ಎರಡು ಬೋಲ್ಟಿನ ತಲೆ ಹಾರಿತು. ಶೀಲ್ಡ್ ಹೇಗೋ ಹೊರಗೆ ಬಂತು. ಮ್ಯಾನಿಫೋಲ್ಡ್ ಹೇಗೂ ಬದಲಾಗುತ್ತದೆ, ಅದರಲ್ಲಿ ಉಳಿದ ಮುರುಕು ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹೆಡ್ ಕಡೆಯ ಸ್ಟಡ್‌ಗಳ ವಿಷಯದಲ್ಲಿ ಮಾತ್ರ ಉಸಿರು ಬಿಗಿ ಹಿಡಿದು ಕೆಲಸ ಮಾಡಿದೆ.

ಒಂದು ಪ್ರಶ್ನೆ. ಕೆಲವರು ಹೆಡರ್‌ಗೆ ಬಟ್ಟೆಯಂಥ ಎಕ್ಸಾಸ್ಟ್ ವ್ರ್ಯಾಪ್ ಸುತ್ತುತ್ತಾರಲ್ಲ, ಅದು ಇಲ್ಲಿಗೆ ಸರಿ ಹೋಗುತ್ತದಾ?

ಹಳೇ_ಸ್ಪ್ಯಾನರ್:

ಕರಾವಳಿಯಲ್ಲಿ ಬೇಡ. ವ್ರ್ಯಾಪ್ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಡರ್ ಮೈಲ್ಡ್ ಸ್ಟೀಲ್ ಆಗಿದ್ದರೆ ಒಳಗೊಳಗೇ ತುಕ್ಕು ತಿಂದುಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸೆರಾಮಿಕ್ ಕೋಟಿಂಗ್ ಮಾಡಿಸಿ, ಇಲ್ಲವೇ ಹೆಡರ್‌ಗೆ ತಕ್ಕಂತೆ ಹೀಟ್ ಶೀಲ್ಡ್ ಮಾಡಿಸಿ. ಶೀಲ್ಡ್ ಇಲ್ಲದೆ ಮಾತ್ರ ಓಡಿಸಬೇಡಿ. ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಬೇರೆ ಗ್ಯಾರೇಜ್‌ನಲ್ಲಿ ಹೆಡರ್ ಹಾಕುವಾಗ ಶೀಲ್ಡ್ ಅಡ್ಡ ಬಂತು ಅಂತ ಕತ್ತರಿಸಿ ಎಸೆದಿದ್ದರು. ಫ್ಯಾನ್‌ನ ವೈರ್ ಕಟ್ಟನ್ನೂ ಎಲ್ಲಿಗೆ ಕಟ್ಟಿತ್ತೋ ಅಲ್ಲಿಗೆ ವಾಪಸ್ ಕಟ್ಟಿರಲಿಲ್ಲ, ಸುಮ್ನೆ ಬಿಟ್ಟಿದ್ದರು. ಮೂರು ತಿಂಗಳಲ್ಲಿ ವೈರ್ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಪಾಪ, ಗಾಡಿಯವರಿಗೆ ಫ್ಯೂಸ್ ಯಾಕೆ ಹೋಗುತ್ತಿದೆ ಅಂತಲೇ ತಿಳಿದಿರಲಿಲ್ಲ. ಬಿಚ್ಚಿದ ಭಾಗ ಎಷ್ಟು ಮುಖ್ಯವೋ, ಅದನ್ನು ಹಿಡಿದಿದ್ದ ಕ್ಲಿಪ್ಪೂ ಅಷ್ಟೇ ಮುಖ್ಯ.

ಸಿವಿಕ್_ಮೈಸೂರು:

ನನ್ನ ಹತ್ತಿರ 2008ರ ಸಿವಿಕ್ 1.8 ಇದೆ. ಇದಕ್ಕೂ ಹೀಗೇ ಹೆಡರ್ ಹಾಕಬಹುದಾ? ಮುಂದಿನಿಂದ ನೋಡಿದರೆ ಮ್ಯಾನಿಫೋಲ್ಡೇ ಕಾಣುತ್ತಿಲ್ಲ.

ವಿಟೆಕ್_1493:

ಕಾಣುವುದಿಲ್ಲ, ಯಾಕೆಂದರೆ ನಿಮ್ಮ ಆರ್18 ಇಂಜಿನ್‌ನಲ್ಲಿ ಎಕ್ಸಾಸ್ಟ್ ಹಿಂದಿದೆ, ಫೈರ್‌ವಾಲ್ ಕಡೆ. ಇನ್ನೂ ದೊಡ್ಡ ವಿಷಯ ಏನೆಂದರೆ ಅದರಲ್ಲಿ ಬೇರೆ ಮ್ಯಾನಿಫೋಲ್ಡೇ ಇಲ್ಲ. ನಾಲ್ಕೂ ಪೋರ್ಟ್‌ಗಳು (ಹೊಗೆ ಹೊರಬರುವ ದಾರಿಗಳು) ಸಿಲಿಂಡರ್ ಹೆಡ್‌ನ ಒಳಗೇ ಸೇರಿ ಒಂದೇ ಬಾಯಿಯಾಗಿ ಹೊರಗೆ ಬರುತ್ತವೆ, ಎರಕದಲ್ಲೇ ಹಾಗೆ ಮಾಡಿದ್ದಾರೆ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ನೇರವಾಗಿ ಹೆಡ್‌ಗೇ ಬೋಲ್ಟ್ ಆಗಿದೆ. ಹಾಗಾಗಿ 4-2-1 ಹೆಡರ್ ಅನ್ನುವ ಮಾತೇ ನಿಮ್ಮ ಕಾರಿಗೆ ಬರುವುದಿಲ್ಲ. ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಏನಾದರೂ ಕೊಳ್ಳುವ ಮುಂಚೆ ನಿಮ್ಮ ಇಂಜಿನ್ ಯಾವ ಕಡೆ ಮುಖ ಮಾಡಿ ಕೂತಿದೆ ಅಂತ ನೋಡಿಕೊಳ್ಳಿ. ಏನೇನು ಬಿಚ್ಚಬೇಕು ಅನ್ನುವುದೆಲ್ಲ ಅದರ ಮೇಲೆಯೇ ನಿಂತಿದೆ.

ಬೇ_ಏರಿಯಾ_ಕನ್ನಡಿಗ:

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಊರು ಶಿವಮೊಗ್ಗ. ಇಲ್ಲಿ ಹೆಡರ್ ಕೊಳ್ಳುವಾಗ ಮೊದಲು ನೋಡುವುದು ಕುದುರೆಶಕ್ತಿ ಅಲ್ಲ, ರಾಜ್ಯದ ವಾಯು ಮಂಡಳಿ ಕೊಡುವ ಇಒ ನಂಬರ್. ಆ ನಂಬರ್ ಇದ್ದರೆ ಆ ಭಾಗ ನಿಮ್ಮ ಕಾರಿನ ಮಾಡೆಲ್‌ಗೆ ಒಪ್ಪಿಗೆ ಪಡೆದದ್ದು ಅಂತ. ಸ್ಮಾಗ್ ಟೆಸ್ಟ್‌ನವರು ಹೊಗೆ ಅಳೆಯುವುದರ ಜೊತೆಗೆ ಬಾನೆಟ್ ಎತ್ತಿ ಕಣ್ಣಿನಿಂದಲೂ ನೋಡುತ್ತಾರೆ. ನಂಬರ್ ಇಲ್ಲದ ಹೆಡರ್ ಇದ್ದರೆ ಹೊಗೆ ಎಷ್ಟು ಸ್ವಚ್ಛ ಇದ್ದರೂ ಫೇಲ್. ಆಗ ಮತ್ತೆ ಎಲ್ಲ ಬಿಚ್ಚಿ ಹಳೆಯದನ್ನು ಹಾಕಬೇಕು. ನನ್ನ ಗೆಳೆಯನೊಬ್ಬ ಎರಡು ವರ್ಷಕ್ಕೊಮ್ಮೆ ಇದನ್ನೇ ಮಾಡುತ್ತಿದ್ದ, ಕೊನೆಗೆ ಬೇಸತ್ತು ಕಾರನ್ನೇ ಮಾರಿದ. ನಮ್ಮ ಕಡೆ ಕಾನೂನು ಹೇಗಿದೆ?

ಹುಬ್ಬಳ್ಳಿ_ಗೇರ್:

ನಮ್ಮ ಕಡೆಯೂ ಬಿಗಿಯಾಗಿಯೇ ಇದೆ, ಜನ ತಿಳಿದುಕೊಂಡಿಲ್ಲ ಅಷ್ಟೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಹೊಸ ರೂಪದಲ್ಲಿ ಬಂತು. ಅದರ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೆದರಿಸಲು ಹೇಳುತ್ತಿಲ್ಲ ರೀ. ಗೊತ್ತಿದ್ದು ಮಾಡುವುದು ಬೇರೆ, ಗೊತ್ತಿಲ್ಲದೆ ಸಿಕ್ಕಿಬೀಳುವುದು ಬೇರೆ.

ಇನ್ನೊಂದು ವಿಷಯ. ಈ ಸಿಟಿಗಳಿಗೆಲ್ಲ ಈಗ 15 ವರ್ಷ ದಾಟಿದೆ. ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಲು ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಆದ್ದರಿಂದ ಹಳೇ ಮ್ಯಾನಿಫೋಲ್ಡ್, ಹೀಟ್ ಶೀಲ್ಡ್, ಬ್ರಾಕೆಟ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಗೋಣಿ ಸುತ್ತಿ ಅಟ್ಟದ ಮೇಲೆ ಇಡಿ. ಹೊಸದು ಬೇಕು ಅಂದರೆ ಈಗ ಸಿಗುವುದೂ ಕಷ್ಟ.

ವಿಟೆಕ್_1493:

ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಮೊದಲ ಪೋಸ್ಟ್‌ನಲ್ಲಿ ನಾನೇ ಬರೆಯಬೇಕಿತ್ತು. ನನ್ನ ಹಳೇ ಮ್ಯಾನಿಫೋಲ್ಡ್ ಅಟ್ಟದ ಮೇಲೆಯೇ ಇದೆ. ಕ್ಯಾಟ್ ಮುಟ್ಟಿಲ್ಲ, ಸೈಲೆನ್ಸರ್ ಮುಟ್ಟಿಲ್ಲ, ಹೊಗೆ ಪರೀಕ್ಷೆ ಮಾಡಿಸಿದೆ, ಪಾಸ್ ಆಗಿದೆ. ಆದರೂ ಕಾನೂನಿನ ಮಾತು ಅಷ್ಟಕ್ಕೆ ಮುಗಿಯುವುದಿಲ್ಲ ಅನ್ನುವುದು ಈಗ ಅರ್ಥವಾಯಿತು. ಆರ್‌ಟಿಒಗೆ ಹೋಗಿ ಕೇಳುತ್ತೇನೆ. ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಆಗಲ್ಲ ಅಂದರೆ ಹಳೆಯದನ್ನೇ ವಾಪಸ್ ಹಾಕುತ್ತೇನೆ, ಈಗ ಬಿಚ್ಚುವ ದಾರಿಯಾದರೂ ಗೊತ್ತಿದೆ.

ಸ್ಟಡ್ ಮುರಿದ ಕಥೆ ಬರೆಯುತ್ತೇನೆ ಅಂದಿದ್ದೆ. ಅದು ಹೆಡ್‌ನ ಸ್ಟಡ್, ಟೈಮಿಂಗ್ ಬೆಲ್ಟ್ ಕಡೆಯ ಕೊನೆಯದು. ಹೆಡ್‌ನಿಂದ ಅರ್ಧ ಇಂಚು ಹೊರಗೆ ಉಳಿದಿತ್ತು, ಅದೇ ಅದೃಷ್ಟ. ಎರಡು ನಟ್ ಒಂದಕ್ಕೊಂದು ಬಿಗಿದು ತಿರುಗಿಸುವ ಉಪಾಯ ಮಾಡಿದೆವು, ಮರೆ ಸವೆದಿತ್ತು, ನಿಲ್ಲಲಿಲ್ಲ. ಕೊನೆಗೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯ ಹಿರಿಯರು ಬಂದರು. ಬ್ಯಾಟರಿ ಬಿಚ್ಚಿದ್ದೀರಾ ಅಂತ ಕೇಳಿದರು, ಸುತ್ತ ಒದ್ದೆ ಬಟ್ಟೆ ಹೊದಿಸಿದರು, ಮುರಿದ ತುದಿಯ ಮೇಲೆ ಒಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿದರು. ಕೆಂಪಗಾದದ್ದು ಕಪ್ಪಾಗುವವರೆಗೂ ಕಾದರು. ಆಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೆಣ್ಣೆಯ ಹಾಗೆ ಬಂತು. ನಾವು ನಾಲ್ಕು ಗಂಟೆ ಒದ್ದಾಡಿದ್ದನ್ನು ಅವರು ಹದಿನೈದು ನಿಮಿಷದಲ್ಲಿ ಮುಗಿಸಿದರು. ಆ ಕೈಚಳಕ ನೋಡಿ ತಮ್ಮ ಸುಮ್ಮನೆ ನಿಂತುಬಿಟ್ಟ. ಫ್ಯಾನ್ ತೆಗೆದಿರದಿದ್ದರೆ ವೆಲ್ಡಿಂಗ್ ಗನ್ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ ಅಂತ ಅವರೇ ಹೇಳಿದರು.

ಹಾಸನದ_ಹೊಸಬ:

ಫ್ಯಾನ್ ಜೊತೆಗೆ ರೇಡಿಯೇಟರನ್ನೂ ತೆಗೆದುಬಿಟ್ಟರೆ ಇನ್ನೂ ಜಾಗ ಆಗುತ್ತದೆ ಅಲ್ವಾ? ಅಥವಾ ಇಂಜಿನ್ನೇ ಇಳಿಸಿದರೆ?

ಹಳೇ_ಸ್ಪ್ಯಾನರ್:

ಆಗುತ್ತದೆ, ಆದರೆ ತೆಗೆದಷ್ಟೂ ವಾಪಸ್ ಹಾಕುವುದೂ ಇರುತ್ತದೆ. ರೇಸ್ ಗಾಡಿಗಳಿಗೆ ಇಂಜಿನ್ ಇಳಿಸಿಯೇ ಮಾಡುತ್ತಾರೆ, ಅವರಿಗೆ ಹೇಗೂ ಆಗಾಗ ಇಳಿಸುವ ಕೆಲಸ ಇರುತ್ತದೆ. ಮನೆ ಮುಂದೆ ಹೆಡರ್ ಹಾಕುವವರಿಗೆ ಅದು ಬೇಡ. ರೇಡಿಯೇಟರ್ ಮಾತ್ರ ಯೋಚಿಸಬೇಕಾದ ವಿಷಯ. ಹೋಸ್‌ಗಳು ಹಳೆಯವಾಗಿದ್ದು ಹೇಗೂ ಬದಲಿಸಬೇಕು ಅಂತಿದ್ದರೆ ತೆಗೆದುಬಿಡಿ, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಹೋಸ್ ಚೆನ್ನಾಗಿದ್ದರೆ ಮುಟ್ಟಬೇಡಿ, ರಟ್ಟು ಅಡ್ಡ ಇಟ್ಟರೆ ಸಾಕು.

ತೆಗೆಯುವುದಾದರೆ ಇಂಜಿನ್ ತಣ್ಣಗಿರುವಾಗ ಕೆಳಗಿನ ಡ್ರೈನ್ ಬಿಚ್ಚಿ ಕೂಲಂಟನ್ನು ಬಕೆಟ್‌ಗೆ ಹಿಡಿಯಿರಿ. ನೆಲಕ್ಕೆ ಬಿಡಲೇಬೇಡಿ. ಅದರಲ್ಲಿ ಎಥಿಲೀನ್ ಗ್ಲೈಕಾಲ್ ಇದೆ, ರುಚಿ ಸಿಹಿ. ಬೀದಿ ನಾಯಿಗಳು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ನಾನು ಕಣ್ಣಾರೆ ನೋಡಿದ್ದೇನೆ, ಬಹಳ ಹೊಟ್ಟೆ ಉರಿಯಿತು. ವಾಪಸ್ ತುಂಬುವಾಗ ಗಾಳಿ ಹೊರಗೆ ಹೋಗಲು ಇರುವ ಬ್ಲೀಡ್ ಬೋಲ್ಟ್ ಸಡಿಲ ಮಾಡಿ. ಗುಳ್ಳೆ ನಿಂತು ಬರೀ ಕೂಲಂಟ್ ಬರುವಾಗ ಮುಚ್ಚಿ. ಕಾರಿನೊಳಗೆ ಹೀಟರ್ ಪೂರ್ತಿ ಬಿಸಿಗೆ ಇಡಿ.

ಕೊಡಗಿನ_ತಿರುವು:

ನಾನು ಬೇರೆ ಕಡೆ ಏಟು ತಿಂದೆ. ಹೆಡರ್ ಕೊಂಡಿದ್ದು ಊರಿನಲ್ಲೇ ಪೈಪ್ ಬಗ್ಗಿಸಿ ಮಾಡಿದ್ದು. ನೋಡಲು ಚೆನ್ನಾಗಿತ್ತು. ಹಾಕಿದ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಕಡಿಮೆ. ಮೈಲೇಜ್ ಕೂಡ ಬಿತ್ತು. ಏನಿರಬಹುದು?

ವಿಟೆಕ್_1493:

ಫ್ಲೇಂಜ್ (ಹೆಡ್‌ಗೆ ಕೂರುವ ಹೆಡರ್‌ನ ಚಪ್ಪಟೆ ತಟ್ಟೆ) ಲೀಕ್ ಅನ್ನಿಸುತ್ತದೆ. ಪೈಪನ್ನು ಫ್ಲೇಂಜ್‌ಗೆ ವೆಲ್ಡ್ ಮಾಡುವಾಗ ಬಿಸಿಗೆ ಫ್ಲೇಂಜ್ ಬಾಗುತ್ತದೆ. ಹಾಕುವ ಮುಂಚೆ ಒಂದು ನೇರವಾದ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಸಂದಿಯಿಂದ ಬೆಳಕು ಬಂದರೆ ಮಷೀನ್ ಶಾಪ್‌ನಲ್ಲಿ ಸಮ ಮಾಡಿಸಬೇಕು. ತಣ್ಣಗಿರುವಾಗ ಸಂದಿ ಇರುತ್ತದೆ, ಬಿಸಿಗೆ ಹಿಗ್ಗಿ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಸದ್ದು ಕಡಿಮೆಯಾಗುವುದು.

ಮೈಲೇಜ್ ಬಿದ್ದಿದ್ದೂ ಅದರಿಂದಲೇ ಇರಬಹುದು. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಆ ಗಾಳಿಯನ್ನು ನೋಡಿ ಪೆಟ್ರೋಲ್ ಕಡಿಮೆ ಇದೆ ಅಂತ ತಿಳಿಯುತ್ತದೆ, ಇಂಜಿನ್‌ನ ಕಂಪ್ಯೂಟರ್ ಆದ ಇಸಿಯು ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ಇಂಜಿನ್ ತಣ್ಣಗಿರುವಾಗ, ಆಫ್ ಇರುವಾಗ, ಹಿಂದಿನ ಸೈಲೆನ್ಸರ್ ಬಾಯಿಗೆ ಬ್ಲೋವರ್ ಇಟ್ಟು ಗಾಳಿ ಊದಿ. ಮುಂದೆ ಹೆಡರ್ ಸುತ್ತ ಸೋಪಿನ ನೀರು ಹಾಕಿ. ಗುಳ್ಳೆ ಎದ್ದ ಕಡೆ ಲೀಕ್.

ಗ್ಯಾಸ್ಕೆಟ್ ಹಳೆಯದನ್ನೇ ಹಾಕಿದ್ದೀರಾ? ಹಾಕಿದ್ದರೆ ಬದಲಿಸಿ. ನಟ್‌ಗಳನ್ನು ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ನಾನು 31 ನ್ಯೂಟನ್ ಮೀಟರ್ ಇಟ್ಟೆ. ಸೆನ್ಸರ್‌ಗೆ 44. ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಅಲ್ಯೂಮಿನಿಯಂ ಹೆಡ್‌ಗೆ ಬಿಗಿ ಮಾಡಬೇಡಿ.

ಸೆನ್ಸರ್ ವೈರ್ ಕುಳ್ಳಾದರೆ ಇನ್ನೊಂದು ಎಚ್ಚರಿಕೆ. ನನ್ನ ಹೆಡರ್‌ನಲ್ಲಿ ಸೆನ್ಸರ್ ಜಾಗ ಹಳೆಯದಕ್ಕಿಂತ ಕೆಳಗೆ ಬಂತು, ವೈರ್ ಎಟುಕಲಿಲ್ಲ. ಬೆಸುಗೆ ಹಾಕಿ ಉದ್ದ ಮಾಡಲು ಹೊರಟಿದ್ದೆ. ಆದರೆ ಇಂಥ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರ್‌ನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಆ ದಾರಿಯನ್ನು ಮುಚ್ಚುತ್ತದೆ. ಕ್ರಿಂಪ್ ಮಾಡಿದ ಎಕ್ಸ್‌ಟೆನ್ಷನ್ ಹಾಕಿಸಿ.

ಹುಬ್ಬಳ್ಳಿ_ಗೇರ್:

ಕೆಳಗೆ ಎಷ್ಟು ಜಾಗ ಉಳಿದಿದೆ? ಈ ಇಂಜಿನ್‌ನಲ್ಲಿ ಪೈಪ್ ಆಯಿಲ್ ಸಂಪ್ ಕೆಳಗಿನಿಂದ ಹಿಂದಕ್ಕೆ ಹೋಗುತ್ತದೆ. ನನ್ನ ಹಳೇ ಹೆಡರ್‌ನ ಕಲೆಕ್ಟರ್ (ಕೊಳವೆಗಳು ಒಂದಾಗುವ ಜಾಗ) ಎರಡು ಬೆರಳು ಕೆಳಗೆ ಜೋತಿತ್ತು. ನಮ್ಮ ಹಳ್ಳಿ ರಸ್ತೆಯ ಹಂಪ್‌ಗಳಿಗೆ ಬಡಿದು ಬಡಿದು ಚಪ್ಪಟೆಯಾಯಿತು. ಬಡಿದಾಗಲೆಲ್ಲ ಆ ಏಟು ಸ್ಟಡ್‌ಗೂ ಹೋಗುತ್ತದೆ.

ವಿಟೆಕ್_1493:

ನಾನು ಅಳತೆ ಮಾಡಿಯೇ ಕೊಂಡೆ. ಕಾರನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಕ್ರಾಸ್‌ಮೆಂಬರ್‌ನ (ಕಾರಿನ ಕೆಳಗಿನ ಅಡ್ಡ ತೊಲೆ) ಕೆಳ ಅಂಚಿಗೆ ದಾರ ಕಟ್ಟಿ, ಕಲೆಕ್ಟರ್ ಆ ದಾರದ ಕೆಳಗೆ ಇಳಿಯಬಾರದು ಅಂತ ನೋಡಿದೆ. ಈಗ ಸರಿಯಾಗಿ ದಾರದ ಮಟ್ಟಕ್ಕೆ ಇದೆ. ಹಂಪ್ ಮೇಲೆ ನಾಲ್ಕು ಜನ ಕೂತಾಗ ಒಂದು ಸಲ ಸವರಿತು, ಈಗ ಓರೆಯಾಗಿ ದಾಟಿಸುತ್ತೇನೆ.

ಸ್ಟ್ಯಾಂಡ್ ಅಂದಾಗ ನೆನಪಾಯಿತು. ಡಿಕ್ಕಿಯಲ್ಲಿ ಬರುವ ಜಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರಬೇಡಿ, ಪಂಕ್ಚರ್‌ಗೆ ಮಾತ್ರ ಅದು. ಜಾಕ್ ಸ್ಟ್ಯಾಂಡ್ ಎರಡು ತಗೊಳ್ಳಿ. ಅದರ ಜೊತೆಗೆ ತೆಗೆದ ಚಕ್ರವನ್ನು ಬಾಡಿಯ ಕೆಳಗೆ ಮಲಗಿಸಿಡಿ. ನನ್ನ ತಮ್ಮ ಡೌನ್‌ಪೈಪ್ ನಟ್‌ಗೆ ಎರಡು ಅಡಿ ಪೈಪ್ ಹಾಕಿ ಎಳೆದಾಗ ಇಡೀ ಕಾರು ಅಲ್ಲಾಡಿತು. ಸ್ಟ್ಯಾಂಡ್ ಇಲ್ಲದಿದ್ದರೆ ಅನ್ನುವುದನ್ನು ಯೋಚಿಸಲೂ ಆಗುವುದಿಲ್ಲ.

ಸಿವಿಕ್_ಮೈಸೂರು:

ಇಷ್ಟು ಮಾಡಿದ್ದಕ್ಕೆ ಫಲ ಏನು ಸಿಕ್ಕಿತು? ಪ್ರಾಮಾಣಿಕವಾಗಿ ಹೇಳಿ.

ವಿಟೆಕ್_1493:

ಡೈನೋದಲ್ಲಿ (ಇಂಜಿನ್ ಶಕ್ತಿ ಅಳೆಯುವ ಯಂತ್ರ) ಅಳೆಸಿಲ್ಲ, ಹಾಗಾಗಿ ಅಂಕಿ ಹೇಳುವುದಿಲ್ಲ. ಟರ್ಬೊ ಇಲ್ಲದ 1.5 ಇಂಜಿನ್‌ಗೆ ಹೆಡರ್ ಒಂದರಿಂದಲೇ ದೊಡ್ಡ ಬದಲಾವಣೆ ಬರುವುದಿಲ್ಲ, ಅಷ್ಟು ನನಗೆ ಮೊದಲೇ ಗೊತ್ತಿತ್ತು. 3,500 ಆರ್‌ಪಿಎಂನಿಂದ ಮೇಲೆ ಇಂಜಿನ್ ಹಗುರವಾಗಿ ಏರುತ್ತದೆ ಅನ್ನಿಸುತ್ತದೆ, ನೈಸ್ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಸದ್ದು ಸ್ವಲ್ಪ ಗಟ್ಟಿ, ಕಿರಿಕಿರಿ ಇಲ್ಲ. ಇದಕ್ಕಿಂತ ನನಗೆ ದೊಡ್ಡದು ಅನ್ನಿಸಿದ್ದು ಬೇರೆ. ಇಷ್ಟು ವರ್ಷ ಓಡಿಸಿದ ಕಾರಿನ ಮುಂಭಾಗ ಹೇಗೆ ಜೋಡಿಸಿದೆ ಅಂತ ಈಗ ಗೊತ್ತು. ಬಿಚ್ಚುವಾಗ ಕೆಳಗಿನ ರೇಡಿಯೇಟರ್ ಹೋಸ್ ಒಂದು ಕಡೆ ಊದಿಕೊಂಡಿದ್ದು ಕಣ್ಣಿಗೆ ಬಿತ್ತು. ಫ್ಯಾನ್ ಇದ್ದಿದ್ದರೆ ಕಾಣುತ್ತಲೇ ಇರಲಿಲ್ಲ.

ಕೊಡಗಿನ_ತಿರುವು:

ಸೋಪಿನ ನೀರು ಹಾಕಿ ನೋಡಿದೆ. ಮೂರನೇ ಪೋರ್ಟ್ ಕೆಳಗೆ ಗುಳ್ಳೆ. ಬಿಚ್ಚಿ ಉಕ್ಕಿನ ಪಟ್ಟಿ ಇಟ್ಟರೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದಿ. ನಾಳೆ ಮಡಿಕೇರಿಯಿಂದ ಮೈಸೂರಿಗೆ ಮಷೀನ್ ಶಾಪ್‌ಗೆ ಒಯ್ಯುತ್ತಿದ್ದೇನೆ. ಈ ಸಲ ಫ್ಯಾನ್ ತೆಗೆದೇ ಕೆಲಸ ಮಾಡಿದೆ, ಬಿಚ್ಚಲು ಒಂದೂವರೆ ಗಂಟೆ ಆಯಿತು. ಮೊದಲ ಸಲ ಆರು ಗಂಟೆ ಹಿಡಿದಿತ್ತು.

ವಿಟೆಕ್_1493:

ತುಂಬಾ ಖುಷಿಯಾಯಿತು. ಸಮ ಮಾಡಿಸಿದ ಮೇಲೆ ಹೊಸ ಗ್ಯಾಸ್ಕೆಟ್ ಮರೆಯಬೇಡಿ.

ನನ್ನ ಕಡೆಯ ಸುದ್ದಿ: ಸುಮಾರು 500 ಕಿಲೋಮೀಟರ್ ಆದ ಮೇಲೆ ತಣ್ಣಗಿರುವಾಗ ಎಲ್ಲ ನಟ್ ಮತ್ತೆ ನೋಡಿದೆ. ಎರಡು ನಟ್ ಸ್ವಲ್ಪ ಸಡಿಲವಾಗಿದ್ದವು, 31ಕ್ಕೆ ಬಿಗಿ ಮಾಡಿದೆ. ಊದಿಕೊಂಡ ಹೋಸ್ ಬಂದಿದೆ. ಈ ಭಾನುವಾರ ಮತ್ತೆ ಫ್ಯಾನ್ ತೆಗೆದು ಅದನ್ನು ಬದಲಿಸುತ್ತೇವೆ. ಇಡ್ಲಿ ತಟ್ಟೆ, ಬಣ್ಣದ ಟೇಪ್ ಎರಡನ್ನೂ ತಮ್ಮ ಆಗಲೇ ಎತ್ತಿಟ್ಟುಕೊಂಡಿದ್ದಾನೆ.